ಟೋಪಿ ಇಲ್ಲದ ಆರು ಫೋಟೋ

ಬೈಲಹೊಂಗಲ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಬೇಕಾದರೆ ಮೊದಲು ಟೋಪಿ ತೆಗೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಬಜಾರದ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕುಳಿತ ಕೂಡಲೇ ಫೋಟೋದವನು, "ಟೊಪಗಿ ತಗೀರಿ ಸರ, ವೀಸಾಕ್ಕ ಬರೀ ತಲಿನ ಬೇಕಂತ" ಎಂದ. ತಲೆಯ ಮೇಲೆ ಏನೂ ಇಲ್ಲದೆ ಓಣಿಗೆ ಇಳಿದರೆ 'ಯಾರು ತೀರಿಕೊಂಡ್ರು?' ಎಂದು ಮಂದಿ ಕೇಳುತ್ತಿದ್ದ ಕಾಲದವನು ನಾನು. ಮೂವತ್ತು ವರ್ಷ ಕಿತ್ತೂರು, ಮುರಗೋಡ, ಬೈಲಹೊಂಗಲದ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿದ್ದೂ ಬಿಳಿ ಟೋಪಿ ಹಾಕಿಕೊಂಡೇ. ಅವನು ಎಂಟು ಪ್ರತಿ ಕೊಟ್ಟ. ನೋಡಿದರೆ ಬಸ್ ಸ್ಟ್ಯಾಂಡಿನಲ್ಲಿ ಕಿಸೆ ಕತ್ತರಿಸಿ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದೆ. ಎರಡು ಅರ್ಜಿಗೆ ಹೋದವು, ಆರು ನನ್ನ ಪಾಕೀಟಿನಲ್ಲಿ ಉಳಿದವು.

ಕರೆಸಿಕೊಂಡವನು ನನ್ನ ಹೆಂಡತಿ ಸುವರ್ಣಾಳ ತಮ್ಮ ಶಿವಾನಂದ. ದನದ ಡಾಕ್ಟರು. ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿ ನೌಕರಿ. "ಅಕ್ಕನ್ನ ಕರಕೊಂಡು ಎರಡ ತಿಂಗಳ ಇದ್ದು ಹೋಗ್ರಿ ಮಾಮಾ" ಎಂದು ಫೋನು ಮಾಡಿದ್ದ. ಅಕ್ಕನ ಕೈ ಮುರಿದ ಸುದ್ದಿ ಅವನಿಗೆ ಮುಟ್ಟಿತ್ತು. ಹೇಗೆ ಮುರಿಯಿತು ಎಂಬುದೂ ಮುಟ್ಟಿತ್ತು. ಆದರೆ ಒಳ್ಳೆಯ ಹುಡುಗ, ಅದನ್ನು ನನ್ನ ಮುಂದೆ ಎತ್ತಲಿಲ್ಲ.

ನಾನೇ ಎತ್ತುತ್ತೇನೆ. ನಮ್ಮ ಊರಲ್ಲಿ ಇಸ್ಪೀಟಿನ ಕ್ಲಬ್ಬೊಂದಿದೆ. ನಿವೃತ್ತಿಯಾದ ಮೇಲೆ ನನ್ನ ಸಾಲೆ ಅದೇ ಆಯಿತು, ಹಾಜರಿಯೂ ಸಾಲೆಗಿಂತ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಸುವರ್ಣಾ ಹಿತ್ತಲ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಪಕ್ಕದ ಮನೆಯವರು ಕ್ಲಬ್ಬಿಗೆ ಬಂದು ಕರೆದರು. "ಇದೊಂದು ಆಟ ಮುಗಿಸಿ ಬರತೇನಿ ಅಂತ ಹೇಳ್ರಿ" ಎಂದೆ. ಮತ್ತೆ ಬಂದರು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಯಾರೂ ಬರಲಿಲ್ಲ. ಸಂಜೆ ಮನೆಗೆ ಹೋದರೆ ಬಾಗಿಲಿಗೆ ಕೀಲಿ. ನೆರೆಯವರೇ ಅವಳನ್ನು ದವಾಖಾನೆಗೆ ಒಯ್ದಿದ್ದರು.

ಮೂಳೆ ಕೂಡಿತು, ಆದರೆ ಬಲಗೈಯ ಮಣಿಕಟ್ಟು ಸೊಟ್ಟಗಾಯಿತು. ಸುವರ್ಣಾ ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಮಂದಿ ಊಟದ ಹೊತ್ತು ತಿಳಿಯುತ್ತಿದ್ದರು. ಆ ಸಪ್ಪಳ ನಿಂತುಹೋಯಿತು, ಖಾನಾವಳಿಯಿಂದ ರೊಟ್ಟಿ ತರಲು ಶುರುಮಾಡಿದೆವು. ಅವಳು ಬೈಯಲಿಲ್ಲ. ಸವದತ್ತಿಗೆ ಕರೆದುಕೊಂಡು ಹೋದಳು. ಉಗರಗೋಳದ ಅಂಗಡಿಯಲ್ಲಿ ಒಂದು ಪುಡಿಕೆ ಭಂಡಾರ ಕೊಂಡು, ಗುಡ್ಡ ಹತ್ತಿ, ಎಲ್ಲಮ್ಮನ ಮುಂದೆ ಆ ಅರಿಶಿನ ಪುಡಿಯನ್ನು ನನ್ನ ಅಂಗೈಗೆ ಸುರುವಿದಳು.

"ಆಣೀ ಮಾಡ್ರಿ."

"ಇನ್ನ ಮುಂದ ಇಸ್ಪೀಟ ಎಲಿ ಮುಟ್ಟಾಂಗಿಲ್ಲ" ಎಂದೆ.

"ಮುಟ್ಟಿದ್ರ ನಾ ತೊರಗಲ್ಲಕ್ಕ ಹೋಗಾಕಿ. ಹೊಳ್ಳಿ ಬರಾಂಗಿಲ್ಲ. ತಿಳೀತಿಲ್ರಿ?"

ತೊರಗಲ್ಲು ಅವಳ ತವರು. ಕೋಟೆಯ ಊರಿನವಳು, ಒಮ್ಮೆ ಬಾಗಿಲು ಹಾಕಿದರೆ ತೆಗೆಯುವುದು ಕಷ್ಟ. ನಾನು ಹೆದರಿದೆ. ಆದರೆ ಆಣೆಯಲ್ಲಿ ನಾನು 'ಇಸ್ಪೀಟ ಎಲಿ' ಎಂದಿದ್ದನ್ನು ಮರೆಯಬೇಡಿ. ಜೂಜುಗಾರ ದೇವರ ಮುಂದೆ ನಿಂತಾಗಲೂ ಒಂದು ಕಿಂಡಿ ಬಿಟ್ಟೇ ಮಾತಾಡುತ್ತಾನೆ.

ಸಿಡ್ನಿ, ಸಾಮಾನು ತಪಾಸಣೆ

ಆ ದೇಶಕ್ಕೆ ಮನುಷ್ಯರಿಗಿಂತ ಬೀಜಗಳ ಭಯ ಹೆಚ್ಚು. ತಪಾಸಣೆಯ ಹೆಣ್ಣುಮಗಳು ನಮ್ಮ ಚೀಲ ಬಿಚ್ಚಿ ಮೆಂತ್ಯ ತೆಗೆದಿಟ್ಟಳು, ಶೇಂಗಾ ಚಟ್ನಿಯ ವಾಸನೆಗೆ ಸೀನಿದಳು, ಕರದಂಟನ್ನು ಬೆಳಕಿಗೆ ಹಿಡಿದು ಇದು ತಿನ್ನುವುದೋ ಕಟ್ಟಡ ಕಟ್ಟುವುದೋ ಎಂಬಂತೆ ನೋಡಿದಳು. ಕೊನೆಗೆ ಸೀರೆಯ ಮಡಿಕೆಯಿಂದ ಹಳದಿ ಪುಡಿಯ ಪುಡಿಕೆ ಹೊರಗೆ ಬಂತು. ಸುವರ್ಣಾ ಉಳಿದ ಭಂಡಾರವನ್ನು ಕಟ್ಟಿಕೊಂಡು ಬಂದಿದ್ದಳು, ನನಗೆ ಹೇಳಿರಲಿಲ್ಲ.

ಇದೇನು ಎಂದು ಆಕೆ ಕೇಳಿದಳು. ದೇವಿಯ ಪುಡಿ ಎಂದೆ. ಏತಕ್ಕೆ ಬಳಸುತ್ತೀರಿ ಎಂದಳು. ಗಂಡ ಸುಳ್ಳು ಹೇಳದ ಹಾಗೆ ನೋಡಿಕೊಳ್ಳಲು ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು ಮತ್ತೊಬ್ಬಳನ್ನು ಕರೆದಳು. ಅವಳೂ ಮೂಸಿ ನೋಡಿದಳು. ಮೆಂತ್ಯ ಕಸದ ಡಬ್ಬಿಗೆ ಹೋಯಿತು, ಭಂಡಾರ ಚೀಲಕ್ಕೆ ಮರಳಿತು.

"ನೋಡ್ರಿ, ಎಲ್ಲಮ್ಮ ನಿಮ್ಮ ಬೆನ್ನ ಹತ್ತಿ ಬಂದಾಳ" ಎಂದಳು ಸುವರ್ಣಾ.

ಎರೆಭೂಮಿಯ ಊರು

ಶಿವಾನಂದನ ಊರಿನ ಹೆಸರು ಹೇಳುವುದಿಲ್ಲ. ಸಣ್ಣ ಊರು, ಹೆಸರು ಹೇಳಿದರೆ ಮುಂದೆ ಬರುವ ಮನುಷ್ಯ ಯಾರೆಂದು ಅಲ್ಲಿಯವರಿಗೆ ತಿಳಿದುಬಿಡುತ್ತದೆ. ಇಷ್ಟು ಹೇಳಬಹುದು: ಕಾರಿನಿಂದ ಇಳಿದು ನೆಲ ನೋಡಿದರೆ ನಮ್ಮದೇ ಎರೆಮಣ್ಣು! ಅದೇ ಕಪ್ಪು, ಅದೇ ಬಿರುಕು, ಮಳೆ ಬಿದ್ದರೆ ಚಪ್ಪಲಿಗೆ ಅದೇ ಅಂಟು. ಹತ್ತಿಯ ಹೊಲಗಳು, ಜೋಳದ ಹೊಲಗಳು. ಇಷ್ಟು ಜೋಳ ಬೆಳೆದು ಯಾರು ತಿನ್ನುತ್ತಾರೆ ಎಂದು ಸುವರ್ಣಾ ಕೇಳಿದಳು.

"ದನಾ ತಿಂತಾವ ಅಕ್ಕಾ. ಇಲ್ಲೆ ಮಂದಿ ಜ್ವಾಳ ತಿನ್ನಾಂಗಿಲ್ಲ."

ಅವಳು ಒಂದು ದಿನವಿಡೀ ಆ ದೇಶದ ಮೇಲೆ ಸಿಟ್ಟಾಗಿದ್ದಳು.

ಊರು ಎಷ್ಟು ಖಾಲಿ ಎಂದರೆ, ಬೈಲಹೊಂಗಲದಲ್ಲಿ ಮಂದಿಯೆಲ್ಲ ಹೊಲಕ್ಕೆ ಹೋದ ಎಳ್ಳ ಅಮಾವಾಸ್ಯೆಯ ಮಧ್ಯಾಹ್ನವೂ ಅಷ್ಟು ಸುಮ್ಮನೆ ಇರುವುದಿಲ್ಲ. ಕಟ್ಟೆ ಇಲ್ಲ, ಕಟ್ಟೆಯ ಮೇಲೆ ಮಂದಿ ಇಲ್ಲ. ಶಿವಾನಂದ ಬೆಳಿಗ್ಗೆ ದನಗಳ ಹತ್ತಿರ ಹೋದರೆ ಸಂಜೆಯೇ ಬರುವುದು. ಮಾತಿಗೆ ಸಿಕ್ಕವನು ಪಕ್ಕದ ಮನೆಯ ಕೆವಿನ್ ಒಬ್ಬನೇ. ಹತ್ತಿ ಜಿನ್ನಿನಲ್ಲಿ ದುಡಿದು ನಿವೃತ್ತನಾದವನು, ಒಂಟಿ. ನಾನೂ ಹತ್ತಿಯ ಊರಿನವನೆಂದು ತಿಳಿದ ಮೇಲೆ ಅಂಗಳದಿಂದ ಅಂಗಳಕ್ಕೆ ನಮ್ಮ ಸಂಭಾಷಣೆ ಶುರುವಾಯಿತು. ಅವನ ಅರ್ಧ ಮಾತು ಮೂಗಿನಿಂದ ಬರುತ್ತಿತ್ತು, ನನ್ನ ಅರ್ಧ ಮಾತು ಕೈಯಿಂದ.

ಕ್ಲಬ್ಬಿನ ಬಾಗಿಲು

ಒಂದು ದಿನ ಕೆವಿನ್, ಊಟಕ್ಕೆ ಕ್ಲಬ್ಬಿಗೆ ಬಿಡುತ್ತೇನೆ ಬನ್ನಿ ಎಂದ. 'ಕ್ಲಬ್' ಎಂಬ ಮಾತಿಗೆ ಸುವರ್ಣಾ ನನ್ನ ಮುಖ ನೋಡಿದಳು. ಅಲ್ಲಿಯ ಕ್ಲಬ್ಬೆಂದರೆ ಊರ ಮಂದಿ ಉಣ್ಣುವ, ಕುಡಿಯುವ, ಹರಟೆ ಹೊಡೆಯುವ ದೊಡ್ಡ ಜಾಗ ಎಂದು ಶಿವಾನಂದ ಮೊದಲೇ ಹೇಳಿದ್ದರಿಂದ ಹೊರಟೆವು.

ಬಾಗಿಲಲ್ಲಿ ಮೇಜಿನ ಹಿಂದೆ ಮಾರ್ಗರೆಟ್ ಎಂಬಾಕೆ ಕುಳಿತಿದ್ದಳು. ಹೊರಗಿನವರು ದಫ್ತರದಲ್ಲಿ ಹೆಸರು ಬರೆದು ಒಳಗೆ ಹೋಗಬೇಕು. ಬರೆದೆ. ಆಮೇಲೆ ಆಕೆ ನನ್ನ ತಲೆ ತೋರಿಸಿ, ಟೋಪಿ ತೆಗೆಯಬೇಕು ಎಂದಳು. ಯುದ್ಧದಲ್ಲಿ ಸತ್ತವರ ನೆನಪಿನ ಗೋಡೆ ಒಳಗಿದೆಯಂತೆ, ಅವರಿಗೆ ಕೊಡುವ ಮರ್ಯಾದೆಯಂತೆ. ನಮ್ಮಲ್ಲಿ ಮರ್ಯಾದೆಗೆ ಟೋಪಿ ಹಾಕುತ್ತಾರೆ, ಅಲ್ಲಿ ಮರ್ಯಾದೆಗೆ ತೆಗೆಯುತ್ತಾರೆ. ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ತಿರುಗಿ ನೋಡಿದರೆ ಕೆವಿನ್ ಒಳಗೆ ಬಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಕರೆದೆ. ಅವನು ಮೇಜಿನ ಕಡೆ ಬೊಟ್ಟು ಮಾಡಿ, ಅವರ ಹತ್ತಿರ ನನ್ನ ಫೋಟೋ ಇದೆ, ನಾನು ಒಳಗೆ ಬರುವ ಹಾಗಿಲ್ಲ ಎಂದ. ಹೇಳುವಾಗ ಮುಖ ಶಾಂತವಾಗಿತ್ತು.

ಊಟದುದ್ದಕ್ಕೂ (ನಮಗೆ ಸಿಕ್ಕಿದ್ದು ಕರಿದ ಆಲೂಗಡ್ಡೆ ಮತ್ತು ಹಸಿ ಎಲೆ) ಸುವರ್ಣಾ ಪಿಸುಗುಟ್ಟುತ್ತಲೇ ಇದ್ದಳು. "ಫೋಟೋ ಇಟ್ಟಾರಂದ್ರ ಕಳ್ಳ ಇರಬೇಕ್ರಿ. ನಮ್ಮ ಠಾಣೆದಾಗ ಹಚ್ಚಿರತಾರಲ್ಲ, ಹಂಗ." ನನಗೂ ಹಾಗೇ ಅನಿಸಿತು. ನಮ್ಮ ಕಡೆ ಒಬ್ಬನ ಫೋಟೋ ಸಾರ್ವಜನಿಕ ಗೋಡೆ ಹತ್ತಬೇಕಾದರೆ ಅವನು ಕಳುವು ಮಾಡಬೇಕು, ಇಲ್ಲವೇ ಸಾಯಬೇಕು. ಕೆವಿನ್ ಬದುಕಿದ್ದ.

ಮೂರು ದಿನ ನಾವು ಅವನನ್ನು ತಪ್ಪಿಸಿದೆವು. ಹಿತ್ತಲ ಬಾಗಿಲಿಗೂ ಸುವರ್ಣಾ ಕೀಲಿ ಹಾಕಿದಳು. ಅವನು ಬೇಲಿಯ ಮೇಲಿಂದ ಕೊಟ್ಟ ನಿಂಬೆಹಣ್ಣುಗಳನ್ನು ಎಣಿಸಿ, ಯಾರ ಮನೆಯ ಗಿಡದ್ದೋ ಎಂದಳು. ಶಿವಾನಂದನಿಗೆ ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಳ್ಳ ಅಲ್ರಿ ಮಾಮಾ! ಆ ಫೋಟೋ ಆಂವಾ ತಾನ ಕೊಟ್ಟಾನ. ಒಳಗ ಒಂದು ಖೋಲಿ ತುಂಬ ಜೂಜಿನ ಯಂತ್ರ ಅದಾವ. ಚಟ ಹತ್ತಿ ಕೆಟ್ಟಿದ್ದ. 'ಈ ಮನುಷ್ಯಾ ಬಂದ್ರ ಒಳಗ ಬಿಡಬ್ಯಾಡ್ರಿ' ಅಂತ ಬರದು, ಸಹಿ ಮಾಡಿ, ಫೋಟೋ ಹಚ್ಚಿ ಕೊಟ್ಟಾನ. ಹಂಗ ಕೊಡಾಕ ಇಲ್ಲೆ ಪದ್ಧತಿ ಐತಿ."

"ಹೇಣ್ತಿ?" ಎಂದಳು ಸುವರ್ಣಾ.

"ಆಕಿ ಬಿಟ್ಟು ಹೋಗಿ ಭಾಳ ವರ್ಷ ಆತು ಅಕ್ಕಾ. ಫೋಟೋ ಕೊಟ್ಟಿದ್ದು ಆಮ್ಯಾಲ."

ಸುವರ್ಣಾ ಎದ್ದು ಹೋಗಿ ಹಿತ್ತಲ ಬಾಗಿಲ ಕೀಲಿ ತೆಗೆದಳು. ಮರುದಿನ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿ ಬೇಲಿಯಾಚೆ ಕೊಟ್ಟಳು. ನಾನು ಮಾತ್ರ 'ಒಂದು ಖೋಲಿ ತುಂಬ ಯಂತ್ರ' ಎಂಬ ಮಾತನ್ನು ಮನಸ್ಸಿನಲ್ಲಿ ಎತ್ತಿ ಇಟ್ಟುಕೊಂಡೆ.

ಬುಧವಾರ

ಶಿವಾನಂದ ಪೇಟೆಯ ದವಾಖಾನೆಯಲ್ಲಿ ಅಕ್ಕನ ಕೈ ತೋರಿಸಲು ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಹೊತ್ತು ಗೊತ್ತು ಮಾಡಿದ್ದ. ಅವನಿಗೆ ಕೆಲಸ. ಸುವರ್ಣಾಳಿಗೆ ಇಂಗ್ಲಿಷ್ ಬಾರದು. ನಾನು ಕರೆದುಕೊಂಡು ಹೋಗಬೇಕು, ನಡೆದರೆ ಹತ್ತು ನಿಮಿಷದ ಹಾದಿ. ಹನ್ನೊಂದಕ್ಕೆ 'ಸ್ವಲ್ಪ ಕಾಲಾಡಿಸಿ ಬರತೇನಿ' ಎಂದು ಹೊರಬಿದ್ದೆ. ಕಾಲುಗಳು ಎಲ್ಲಿಗೆ ಒಯ್ದವು ಎಂದು ಹೇಳಬೇಕಾಗಿಲ್ಲ.

ಒಳಗೆ ಹೋಗುವಾಗ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಆಣೆ ಇಸ್ಪೀಟ್ ಎಲೆಯದು, ಇಲ್ಲಿ ಎಲೆಯೇ ಇಲ್ಲ, ಗುಂಡಿ ಒತ್ತುವುದು. ಗುಂಡಿ ಒತ್ತಬೇಡ ಎಂದು ಎಲ್ಲಮ್ಮ ಎಲ್ಲಿ ಹೇಳಿದ್ದಾಳೆ?

ಯಂತ್ರದ ಹಣೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು: ಆಟ ಕೈಮೀರಿದ್ದರೆ ಈ ನಂಬರಿಗೆ ಫೋನು ಮಾಡಿ, ಸಹಾಯ ಮಾಡುತ್ತೇವೆ. ಗೋಡೆಯ ಮೇಲೆ ದೊಡ್ಡ ಗಡಿಯಾರ. ಕುಳಿತವರಿಗೆ ಹೊತ್ತು ಕಾಣಲಿ ಎಂದೇ ಹಾಕಿದ್ದಂತೆ. ನಮ್ಮ ಕ್ಲಬ್ಬಿನಲ್ಲಿ ಇದ್ದೊಂದು ಗಡಿಯಾರ ಕೆಟ್ಟು ವರ್ಷಗಳಾಗಿವೆ, ರಿಪೇರಿ ಮಾಡಿಸೋಣ ಎಂದವರಿಲ್ಲ. ಬಸ್ ಸ್ಟ್ಯಾಂಡಿನ ಲಾಟರಿ ಅಂಗಡಿಯವರಾಗಲಿ, ಸಂದಿಯಲ್ಲಿ ಓಸಿ ಜೂಜಿನ ಚೀಟಿ ಬರೆಯುವವನಾಗಲಿ 'ಸಾಕು ಮಾಸ್ತರ, ಮನೀಗೆ ಹೋಗ್ರಿ' ಎಂದಿದ್ದು ನನಗೆ ನೆನಪಿಲ್ಲ. ಇದೆಲ್ಲ ಎಷ್ಟು ಒಳ್ಳೆಯ ವ್ಯವಸ್ಥೆ ಎಂದು ಮೆಚ್ಚಿಕೊಂಡು, ಚೀಟಿಯನ್ನು ಪೂರ್ತಿ ಓದಿ, ಗುಂಡಿ ಒತ್ತಿದೆ.

ಚಿತ್ರಗಳು ತಿರುಗಿದವು, ನಿಂತವು, ತಿರುಗಿದವು. ಇಸ್ಪೀಟಿನಲ್ಲಿ ಎದುರಿಗೆ ಮನುಷ್ಯರಾದರೂ ಇರುತ್ತಾರೆ. ಇಲ್ಲಿ ಎದುರಿಗೆ ಗಾಜಿನಲ್ಲಿ ನನ್ನದೇ ಬೋಳು ತಲೆ. ಗಡಿಯಾರವನ್ನು ಎರಡು ಸಲ ನೋಡಿದ್ದು ನೆನಪಿದೆ. ಆಮೇಲೆ ನೋಡಿದ್ದು ನೆನಪಿಲ್ಲ.

ಯಾರೋ ಭುಜ ಮುಟ್ಟಿದರು. ಮಾರ್ಗರೆಟ್. ಬಾಗಿಲಲ್ಲಿ ನಿಮ್ಮ ಹೆಂಡತಿ ಕಾಯುತ್ತಿದ್ದಾರೆ ಎಂದಳು.

ನಾನು ತಲೆ ಎತ್ತದೆ ಹೇಳಿದೆ: "ಇದೊಂದು ಆಟ ಮುಗಿಸಿ ಬರತೇನಿ ಅಂತ ಹೇಳ್ರಿ."

ಕನ್ನಡದಲ್ಲಿ ಹೇಳಿದ್ದೆ. ಆಕೆಗೆ ತಿಳಿಯಲಿಲ್ಲ, ಏನು ಎಂದು ಮತ್ತೆ ಕೇಳಿದಳು. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿ ಬಂದಾಗ ನನ್ನ ಕಿವಿಗೇ ಅದು ಮೊದಲ ಸಲ ಕೇಳಿಸಿತು. ಕೈ ಯಂತ್ರದ ಮೇಲಿಂದ ತಾನಾಗಿ ಕೆಳಗೆ ಬಂತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಹೊರಗಿನ ಬೆಂಚಿನ ಮೇಲೆ ಸುವರ್ಣಾ ಕುಳಿತಿದ್ದಳು, ಪಕ್ಕದಲ್ಲಿ ಕೆವಿನ್. ನನ್ನನ್ನು ಹುಡುಕುತ್ತ ಒಬ್ಬಳೇ ರಸ್ತೆಗೆ ಇಳಿದವಳನ್ನು ಅವನೇ ಕಂಡು ಕರೆತಂದಿದ್ದ. ತಾನು ಹೊಸ್ತಿಲು ದಾಟುವಂತಿಲ್ಲವಾದ್ದರಿಂದ ಮಾರ್ಗರೆಟ್‌ಳನ್ನು ಒಳಗೆ ಕಳಿಸಿದ್ದ. ಸುವರ್ಣಾ ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಎಲಿ ಮುಟ್ಟಿಲ್ಲ ಅಂತೀರೇನು?" ಎಂದಳು.

ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ಉತ್ತರ ಅದೇ. ಅದು ನನಗಿಂತ ಮೊದಲು ಅವಳ ಬಾಯಿಂದ ಬಂತು. ಕೆವಿನ್ ಎದ್ದು ದೂರ ಹೋಗಿ ನಿಂತ.

ಮನೆಗೆ ನಡೆಯುವಾಗ ಅವಳು ಹೇಳಿದ್ದು ಒಂದೇ ಮಾತು. "ತೊರಗಲ್ಲ ಇಲ್ಲಿಂದ ಭಾಳ ದೂರ ಐತಿ. ಇಲ್ಲಾಂದ್ರ ಇವತ್ತ ಹೋಗತಿದ್ದೆ. ಊರಿಗೆ ಹೋದ ಮ್ಯಾಲ ನೋಡೂಣು."

ಮುಂದಿನ ವಾರ ಡಾಕ್ಟರು ಕೈ ನೋಡಿ, ಕೂಡಿದ ಮೂಳೆಗೆ ಈಗ ಮಾಡುವಂಥದ್ದೇನೂ ಇಲ್ಲ, ದಿನಾ ಇದನ್ನು ಹಿಚುಕಲಿ ಎಂದು ಒಂದು ರಬ್ಬರ್ ಚೆಂಡು ಕೊಟ್ಟರು.

ಮಾರ್ಗರೆಟ್‌ಳ ಮೇಜು

ಕೆವಿನ್‌ನನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋದೆ. ಅವನು ಬೆಂಚಿನ ಮೇಲೆ, ನಾನು ಬಾಗಿಲ ಹೊರಗೆ, ಮಾರ್ಗರೆಟ್ ಫಾರ್ಮು ಹಿಡಿದು ಹೊಸ್ತಿಲಲ್ಲಿ. ಆಕೆ ಒಂದೊಂದೇ ಸಾಲು ಓದಿ ಹೇಳಿದಳು. ಬರೆದುಕೊಟ್ಟ ಅವಧಿ ಮುಗಿಯುವ ತನಕ ನಾನೇ ಬಂದು ಬೇಡಿಕೊಂಡರೂ ಒಳಗೆ ಬಿಡುವುದಿಲ್ಲ, ಫಾರ್ಮು ಮರಳಿ ಕೊಡುವುದಿಲ್ಲ. ನಾನು ಸಿಟ್ಟಿಗೆದ್ದರೆ? ಏಳುತ್ತೀರಿ, ಎಲ್ಲರೂ ಏಳುತ್ತಾರೆ, ಅದಕ್ಕೇ ಫೋಟೋ ಇಸಿದುಕೊಳ್ಳುವುದು ಎಂದಳು.

ಈ ಮಾತು ನನ್ನೊಳಗೆ ಕುಳಿತಿತು. ಗುಡ್ಡದ ಮೇಲೆ ನಾನು ಆಣೆ ಮಾಡಿದಾಗ ದೇವಿಯೂ ಸುವರ್ಣಾಳೂ ನಾನು ಮಾತು ಉಳಿಸಿಕೊಳ್ಳುತ್ತೇನೆಂದು ನಂಬಿದ್ದರು. ಈ ಫಾರ್ಮು ನನ್ನನ್ನು ನಂಬುತ್ತಲೇ ಇರಲಿಲ್ಲ. ನಾನು ಮತ್ತೆ ಬಂದೇ ಬರುತ್ತೇನೆ ಎಂದು ಲೆಕ್ಕ ಹಾಕಿ, ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿತ್ತು. ನನ್ನಂಥವನಿಗೆ ಬೇಕಾದದ್ದು ಅದೇ.

ಪಾಕೀಟಿನಿಂದ ಒಂದು ಫೋಟೋ ತೆಗೆದು ಕೊಟ್ಟೆ. ಟೋಪಿ ಇಲ್ಲದ್ದರಿಂದ ಗುರುತು ಸರಿಯಾಗಿದೆ ಎಂದಳು. ತಿಂಗಳೊಳಗೆ ದೇಶ ಬಿಡುವವನು ಇದನ್ನು ಯಾಕೆ ಕೊಡುತ್ತಾನೆ ಎಂದು ಕೇಳಲಿಲ್ಲ. ಮನೆಯಲ್ಲಿ ಸುವರ್ಣಾ ಕೇಳಿದಳು.

"ಇಲ್ಲೆ ಕೊಟ್ಟರೇನು ಬಂತ್ರಿ? ನಿಮ್ಮ ಕ್ಲಬ್ಬ ಬೈಲಹೊಂಗಲದಾಗ ಐತಿ."

"ಇನ್ನೂ ಐದ ಫೋಟೋ ಅದಾವ" ಎಂದೆ.

ಮತ್ತೆ ಬೈಲಹೊಂಗಲ

ಊರಿಗೆ ಬಂದ ಮೇಲೆ ಸುವರ್ಣಾ ನನ್ನ ಬ್ಯಾಗು ಬಿಚ್ಚಿದಳು, ತನ್ನದನ್ನು ಬಿಚ್ಚಲಿಲ್ಲ. ಅದು ತಲಬಾಗಿಲ ಪಕ್ಕದಲ್ಲಿ ನಿಂತೇ ಇತ್ತು. ಬಂದವರು 'ಯಾವೂರಿಗೆ ಹೊಂಟೀರಿ?' ಎಂದರೆ, "ನೋಡೂಣ್ರಿ" ಎನ್ನುತ್ತಿದ್ದಳು.

ಕ್ಲಬ್ಬಿನ ಮ್ಯಾನೇಜರ್ ಈರಣ್ಣನ ಮುಂದೆ ಫೋಟೋ ಇಟ್ಟು ವಿಷಯ ಹೇಳಿದೆ. ಅವನು ಎಲ್ಲರನ್ನೂ ಕರೆದು ತೋರಿಸಿದ.

"ಗ್ವಾಡಿಗೆ ಹಚ್ಚಿದ್ರ ಮಂದಿ ಮಾಲಿ ಹಾಕ್ತಾರ್ರಿ ಮಾಸ್ತರ! ನಾಳೆ ನಿಮ್ಮ ಮನೀಗೆ ಮಾತಾಡ್ಸಾಕ ಬರ್ತಾರ!" ಎಲೆ ಹಿಡಿದವರೆಲ್ಲ ನಕ್ಕರು. ಆಮೇಲೆ ಈರಣ್ಣ ದನಿ ತಗ್ಗಿಸಿ, "ಬಂದ ಗಿರಾಕಿನ ಯಾರರ ಹೊರಗ ಹಾಕ್ತಾರೇನ್ರಿ? ನಿಮ್ಮ ಮನಸ್ಸ ಗಟ್ಟಿ ಮಾಡ್ಕೋರಿ, ಅಷ್ಟ ಸಾಕು" ಎಂದ. ಮನಸ್ಸು ಗಟ್ಟಿ ಮಾಡಿಕೋ ಎಂದು ನನಗೆ ಹೇಳದವರೇ ಇಲ್ಲ. ಬಾಗಿಲು ಗಟ್ಟಿ ಮಾಡುತ್ತೇನೆ ಎಂದವರು ಒಬ್ಬರೂ ಇರಲಿಲ್ಲ.

ಹೊರಬಂದಾಗ ಗೇಟಿನಲ್ಲಿ ದುರ್ಗಪ್ಪ ಚಪ್ಪಲಿ ಸಾಲು ಮಾಡುತ್ತಿದ್ದ. ಕ್ಲಬ್ಬಿನ ವಾಚಮನ್, ಈಗ ನಲವತ್ತು ದಾಟಿದವನು. ಮುರಗೋಡದಲ್ಲಿ ನನ್ನ ವಿದ್ಯಾರ್ಥಿ, ಇತಿಹಾಸದಲ್ಲಿ ಎರಡು ಸಲ ನಪಾಸು ಮಾಡಿದ್ದೆ. ಫೋಟೋ ಅವನ ಕೈಗೆ ಕೊಟ್ಟೆ.

"ಈ ಮನುಷ್ಯಾ ಬಂದ್ರ ಒಳಗ ಬಿಡಬ್ಯಾಡ."

ಅವನು ನಗಲಿಲ್ಲ. ಫೋಟೋವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. "ನೀವು ಸಿಟ್ಟಿಗೆದ್ರ ಸರ?"

"ಏಳತೇನಿ. ಆದ್ರೂ ಬಿಡಬ್ಯಾಡ."

ಹದಿನೈದು ದಿನ ಆ ಓಣಿಗೆ ಹೋಗಲಿಲ್ಲ. ಹದಿನಾರನೆಯ ದಿನ ಸಂಜೆ ಐದಕ್ಕೆ ಟೋಪಿ ಹಾಕಿಕೊಂಡು ಹೊರಟೆ. ಬರೀ ಚಹಾ ಕುಡಿದು, ನಾಲ್ಕು ಮಾತಾಡಿ ಬರೋಣ ಎಂದುಕೊಂಡೆ. ಹಾಗೆ ನಾನು ಅಂದುಕೊಂಡಾಗಲೆಲ್ಲ ಏನಾಗಿದೆಯೆಂದು ನಿಮಗೆ ಹೇಳಿದ್ದೇನೆ. ದುರ್ಗಪ್ಪ ಗೇಟಿಗೆ ಅಡ್ಡ ಬಂದ.

"ಟೊಪಗಿ ತಗೀರಿ ಸರ."

"ಯಾಕ?"

"ಫೋಟೋದಾಗಿನ ಮನುಷ್ಯಾಗ ಟೊಪಗಿ ಇಲ್ರಿ. ಕೂಡಿಸಿ ನೋಡಬೇಕು."

"ಏ ದುರ್ಗ್ಯಾ, ನಾ ನಿನ್ನ ಮಾಸ್ತರ ಅದೇನಿ!"

"ಅದಕ್ಕ ಕೇಳಾಕ ಹತ್ತೇನ್ರಿ."

ಎದುರಿನ ಚಹಾದ ಅಂಗಡಿಯ ಮಂದಿ ಎದ್ದು ನಿಂತು ನೋಡುತ್ತಿದ್ದರು. ಮಾರ್ಗರೆಟ್ ಹೇಳಿದ್ದ ಸಿಟ್ಟು ಬಂದೇ ಬಂತು. ಆದರೂ ಟೋಪಿ ತೆಗೆದೆ. ದುರ್ಗಪ್ಪ ಕಿಸೆಯಿಂದ ಫೋಟೋ ತೆಗೆದು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದ.

"ನೀವ ಅದೀರಿ. ಬಿಡಾಂಗಿಲ್ರಿ ಸರ. ಮನೀಗೆ ನಡೀರಿ."

ನಡೆದೆ. ಟೋಪಿ ಹಾಕಿಕೊಳ್ಳುವುದು ಮರೆತೇ ಹೋಯಿತು. ಓಣಿಯ ತಿರುವಿನಲ್ಲಿ ಒಬ್ಬರು, "ಯಾರು ತೀರಿಕೊಂಡ್ರು ಮಾಸ್ತರ?" ಎಂದು ಕೇಳಿದರು. ಯಾರೂ ಇಲ್ಲ ಎಂದು ಮುಂದೆ ಹೋದೆ.

ಮನೆ ಹತ್ತಿರ ಬಂದಾಗ ಒಳಗಿಂದ ಸಪ್ಪಳ ಕೇಳಿಸಿತು. ಬಡಿಯುವುದು, ನಿಲ್ಲುವುದು, ಮತ್ತೆ ಬಡಿಯುವುದು. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಸುವರ್ಣಾ ಒಲೆಯ ಮುಂದೆ ಕುಳಿತು ಜೋಳದ ಹಿಟ್ಟು ತಟ್ಟುತ್ತಿದ್ದಳು. ರಬ್ಬರ್ ಚೆಂಡು ಪಕ್ಕದಲ್ಲಿತ್ತು. ಬುಟ್ಟಿಯಲ್ಲಿ ಅಂಗೈ ಅಗಲದ ಎರಡು ರೊಟ್ಟಿ, ಅಂಚು ಹರಿದವು. ನಾನು ಹೊರಗೆ ಹೋದಾಗಲೆಲ್ಲ ಅವಳು ಹೀಗೆ ಬಡಿದು ನೋಡುತ್ತಿದ್ದಳೆಂದು ಆಗ ತಿಳಿಯಿತು. ಇಷ್ಟು ಬೇಗ ನಾನು ಯಾವತ್ತೂ ಮನೆಗೆ ಬಂದಿರಲಿಲ್ಲ.

ಅವಳು ನನ್ನ ಬೋಳು ತಲೆ ನೋಡಿದಳು, ಕೈಯಲ್ಲಿದ್ದ ಟೋಪಿ ನೋಡಿದಳು.

"ಇಷ್ಟ ಲಗೂ ಬಂದ್ರಿ?"

"ಒಳಗ ಬಿಡಲಿಲ್ಲ" ಎಂದೆ.

ಅವಳು ಮತ್ತೊಂದು ಉಂಡೆ ಎತ್ತಿಕೊಂಡಳು. ನಾನು ತಲಬಾಗಿಲ ಕಡೆ ತಿರುಗಿ, ಆ ಬ್ಯಾಗು ಎತ್ತಿ ಅಟ್ಟದ ಮೇಲೆ ಇಡಲೇನು ಎಂದು ಕೇಳಿದೆ.

"ಇರ್ಲಿ ಬಿಡ್ರಿ, ಇನ್ನ ನಾಕ ದಿನ" ಎಂದಳು ಸುವರ್ಣಾ. "ಮದಲ ಕೈ ತೊಳಕೊಂಡು ರೊಟ್ಟಿ ತಿನ್ರಿ."